ಕಬ್ಬಿನ ಹೊಲದ ಬಳಿ ಬರುತ್ತಿದ್ದ ಫೋನು

ಕಿರಣ ಚಿಕಿತ್ಸೆಯ ಕೋಣೆಗೆ ಹೋದ ಮಾವ ಐದೇ ನಿಮಿಷದಲ್ಲಿ ಹೊರಗೆ ಬಂದರು. ಹಿಂದೆಯೇ ಬಂದ ಯಂತ್ರ ನಡೆಸುವ ಹುಡುಗಿ ನನಗೆ ಹೇಳಿದಳು: "ಸ್ಕ್ಯಾನ್‌ನಾಗ ಮೂತ್ರಚೀಲ ಖಾಲಿ ಕಾಣಾಕತ್ತೈತ್ರಿ. ಅದು ತುಂಬಿದ್ರನ ಕಿರಣ ಪ್ರಾಸ್ಟೇಟ್ ಕ್ಯಾನ್ಸರಿನ ಜಾಗಕ್ಕಷ್ಟ ಬೀಳತೈತಿ. ನೀರು ಕುಡಿಸಿ ಒಂದು ತಾಸು ಕೂಡಸ್ರಿ."

"ಇವತ್ತ ಚತುರ್ದಶಿ, ನಂದು ಉಪವಾಸ," ಎಂದರು ಮಾವ, ನನ್ನ ಮುಖ ನೋಡದೆ.

ನಮ್ಮ ಜೈನರ ಮನೆಯಲ್ಲಿ ಚತುರ್ದಶಿಗೆ ನೀರೂ ಮುಟ್ಟದೆ ಉಪವಾಸ ಮಾಡುವವಳು ನಾನು. ಈ ಸಲದ ಚತುರ್ದಶಿ ಮುಗಿದು ಎರಡು ದಿನವಾಗಿತ್ತು. ಮಾವ ಬೇಕೆಂದೇ ನೀರು ಕುಡಿದಿಲ್ಲ ಎಂದು ಆಗ ನನಗೆ ಅರ್ಥವಾಯಿತು. ಚಿಕಿತ್ಸೆ ಶುರುವಾಗಿ ಮೂರು ವಾರಕ್ಕೆ ಅವರಿಗೆ ಉರಿಮೂತ್ರ ಶುರುವಾಗಿತ್ತು, ತಡೆದುಕೊಳ್ಳಲೂ ಆಗುತ್ತಿರಲಿಲ್ಲ. ಮಿರಜದ ಆಸ್ಪತ್ರೆಯಿಂದ ನಮ್ಮೂರು ಶಿರಗುಪ್ಪಿಗೆ ಕಾರು ಓಡಿಸುವವಳು ನಾನೇ. ಸೊಸೆಗೆ "ನಿಲ್ಲಿಸು" ಎನ್ನಲು ನಾಚಿ, ಹಿಂದಿನ ದಿನ ದಾರಿಯುದ್ದಕ್ಕೂ ಸೀಟು ಹಿಡಿದು ಬೆವರುತ್ತಾ ಕೂತಿದ್ದರು.

ನಾನು ನೀರಿನ ಬಾಟಲಿ ಮುಂದೆ ಹಿಡಿದೆ; ಮಾವ ತಲೆ ತಗ್ಗಿಸಿ ಕುಡಿದರು. ಚಿಕಿತ್ಸೆ ಮುಗಿಸಿ ಮರಳುವಾಗ ಕಬ್ಬಿನ ಹೊಲದ ಪಕ್ಕ ಕಾರು ನಿಲ್ಲಿಸಿ, "ಮಾವಾರ, ಫೋನ್ ಬಂದೈತ್ರಿ, ಮಾತಾಡಿ ಬರ್ತೀನಿ" ಎಂದೆ. ಬಾರದ ಫೋನನ್ನು ಕಿವಿಗಿಟ್ಟುಕೊಂಡು ದೂರ ಹೋಗಿ ಬೆನ್ನು ತಿರುಗಿಸಿ ನಿಂತೆ. ಚಿಕಿತ್ಸೆ ಮುಗಿಯುವವರೆಗೂ ಆ ಫೋನು ದಿನಕ್ಕೆ ಎರಡು ಸಲ ಬಂತು.

ಉರಿ ಇಳಿದು ಈಗ ಮೂರು ತಿಂಗಳು. ಮೊನ್ನೆ ತಪಾಸಣೆ ಮುಗಿಸಿ ಅದೇ ಹೊಲ ದಾಟುವಾಗ ಮಾವ ಕಿಟಕಿಯಾಚೆ ನೋಡುತ್ತಾ ಹೇಳಿದರು: "ಯವ್ವಾ, ಆಗ ಫೋನ್ ಮಾಡ್ತಿದ್ರಲ್ಲ, ಭಾಳ ಛಲೋ ಮಂದಿ. ನಾ ನೆನಸ್ತೇನಂತ ಹೇಳು."