ಎಣ್ಣೆ ಗಟ್ಟಿಯಾದ ದಿನದ ಎಳ್ಳುಂಡೆ

ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ನನ್ನ ದಿನಸಿ ಅಂಗಡಿಗೆ ಗುಲಾಬಿಯಕ್ಕ ಹತ್ತೊಂಬತ್ತು ವರ್ಷಗಳಿಂದ ಬರುತ್ತಿದ್ದಾರೆ. ತೆಂಗಿನೆಣ್ಣೆ ಕೊಳ್ಳುತ್ತಾರೆ. ಬೆಲ್ಲವನ್ನು ಮೂಸಿ, ಮೂಗು ಮುರಿದು, ಆಮೇಲೆ ಕೊಳ್ಳುತ್ತಾರೆ. ಎಳ್ಳಿನ ಚೀಲದ ಮುಂದೆ ಮಾತ್ರ ಒಂದು ಗಳಿಗೆ ನಿಂತು, ಮುಂದಕ್ಕೆ ಹೋಗಿಬಿಡುತ್ತಾರೆ. ಗಿರಾಕಿ ಏನು ಕೊಳ್ಳುವುದಿಲ್ಲ ಎಂಬುದೇ ವ್ಯಾಪಾರಿಯ ಕಣ್ಣಿಗೆ ಮೊದಲು ಬೀಳುವುದು. ಮೂರನೇ ವರ್ಷವೇ ಕೇಳಿದ್ದೆ.

"ಎಣ್ಣೆ ಗಟ್ಟಿಯಾಗ್ಲಿಲ್ಲ ಅಲ್ವಾ ಜಯಕರ, ಎಳ್ಳು ತಗೊಂಡು ಎಂತ ಮಾಡ್ಲಿ?" ಅಂದರು.

ಕುಂದಾಪುರದ ಹತ್ತಿರ, ಕಡಲ ಬದಿಯಲ್ಲಿ ಅವರ ತವರು. ಅಲ್ಲಿ ಚಳಿ ಅನ್ನುವುದು ವರ್ಷಕ್ಕೆ ಎರಡೋ ಮೂರೋ ಬೆಳಗು ಬಂದು ಹೋಗುವ ನೆಂಟ. ಬಂದಿದೆಯೋ ಇಲ್ಲವೋ ಎಂದು ಹೇಳಬೇಕಾದ್ದು ತೆಂಗಿನೆಣ್ಣೆಯ ಬಾಟಲಿ. ಅವರಮ್ಮ ಎದ್ದವರೇ ಬಾಟಲಿಯನ್ನು ಓರೆ ಮಾಡುತ್ತಿದ್ದರಂತೆ. ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಅಲುಗದಿದ್ದರೆ ಅವತ್ತು ಮನೆಯಲ್ಲಿ ಕರಿ ಎಳ್ಳಿನ ಉಂಡೆ. ಅಲುಗಿದರೆ ಇಲ್ಲ, ಮಕ್ಕಳು ಅತ್ತು ಹೊರಳಾಡಿದರೂ ಇಲ್ಲ. ಚಳಿಯೇ ಬೀಳದ ವರ್ಷ ಉಂಡೆಯೂ ಇಲ್ಲ.

ಆ ಕಾನೂನನ್ನು ಗುಲಾಬಿಯಕ್ಕ ಕೌಲಾಲಂಪುರಕ್ಕೂ ತಂದರು. ಕ್ಲಾಂಗ್ ಬಂದರಿನ ಹಡಗು ಕಚೇರಿಯಲ್ಲಿ ಮಗ ಉಮಾನಾಥನಿಗೆ ಕೆಲಸ ಸಿಕ್ಕಿತು, ಅವನ ಹಿಂದೆ ಇವರು ಬಂದರು. ಚಕ್ಕುಲಿ, ಕೋಡುಬಳೆ ಅಂತ ಇಡೀ ಫ್ಲ್ಯಾಟಿನವರಿಗೆ ಬಾಯಿಚಪಲ ಹತ್ತಿಸಿದ್ದಾರೆ. ಆದರೆ ಇಲ್ಲಿಯ ಡಿಸೆಂಬರ್ ಅಂದರೆ ಮೇ ತಿಂಗಳಿಗೆ ಮಳೆ ಬೆರೆಸಿದ ಹಾಗೆ. ಎಣ್ಣೆ ಬಾಟಲಿಯಲ್ಲಿ ನೀರಿನ ಥರ ಕುಣಿಯುತ್ತಿರುತ್ತದೆ.

"ಫ್ರಿಜ್ಜಿನಲ್ಲಿ ಇಡಿ ಗುಲಾಬಿಯಕ್ಕ, ಹತ್ತು ನಿಮಿಷದ ಕೆಲಸ," ಅಂದೆ ಒಮ್ಮೆ.

"ಕಲ್ಲಿಟ್ಟು ತೂಗುವವನ ಬುದ್ಧಿ ಇದು. ಎಣ್ಣೆ ಗಟ್ಟಿಯಾಗ್ಬೇಕು, ಮನುಷ್ಯನೂ ನಡುಗ್ಬೇಕು. ಎರಡೂ ಒಟ್ಟಿಗೆ."

ನನ್ನದು ಎಲೆಕ್ಟ್ರಾನಿಕ್ ತಕ್ಕಡಿ.

ಕಳೆದ ವರ್ಷ ಮೊಮ್ಮಗಳು ತನ್ವಿಗೆ ಹನ್ನೊಂದು ತುಂಬಿತು. ಗುಲಾಬಿಯಕ್ಕನಿಗೆ ಅವರಮ್ಮ ಬೆಲ್ಲದ ಪಾಕ ನೋಡುವುದನ್ನೂ, ಬಿಸಿ ಆರುವ ಮೊದಲು ಉಂಡೆ ಕಟ್ಟುವುದನ್ನೂ ಕಲಿಸಿದ್ದು ಅದೇ ವಯಸ್ಸಿಗೆ. "ಬರುವ ವರ್ಷದಿಂದ ಇವಳಿಗೆ ಸಂಜೆಯೆಲ್ಲಾ ಟ್ಯೂಷನ್ನು. ಈ ಸಲ ಕಲಿಸ್ಲಿಲ್ಲ ಅಂದ್ರೆ ಇನ್ನು ಇವಳು ಒಲೆ ಹತ್ರ ಬರುವುದಿಲ್ಲ. ನನ್ನ ಕೈಗೂ ಪಾಕ ಮರೆತು ಹೋಗ್ತಾ ಉಂಟು," ಅಂದರು. ಅವತ್ತು ಎಳ್ಳಿನ ಚೀಲದ ಮುಂದೆ ಕೊಂಚ ಹೆಚ್ಚು ಹೊತ್ತು ನಿಂತಿದ್ದರು.

ಆ ಡಿಸೆಂಬರಿನಲ್ಲಿ ಉಮಾನಾಥ ಮನೆಯವರನ್ನು ಗುಡ್ಡದ ಮೇಲಿನ ಹಿಮದ ಮನೆಗೆ ಕರೆದುಕೊಂಡು ಹೋದ. ದೊಡ್ಡ ಕೋಣೆಯೊಳಗೆ ಯಂತ್ರದಿಂದ ಹಿಮ ಸುರಿಸುತ್ತಾರೆ. ಬಾಡಿಗೆ ಕೋಟು, ಬಾಡಿಗೆ ಬೂಟು ಹಾಕಿಕೊಂಡು ಜನ ಅದರಲ್ಲಿ ಹೊರಳಾಡುತ್ತಾರೆ. ಅಕ್ಕ ಕೋಟಿನ ಒಳಜೇಬಿನಲ್ಲಿ ಒಂದು ಬಾಟಲಿ ತೆಂಗಿನೆಣ್ಣೆ ಇಟ್ಟುಕೊಂಡರು. ಒಳಗೆ ನಡೆದದ್ದನ್ನು ಅಪ್ಪ ಒಂದು ಥರ ಹೇಳುತ್ತಾನೆ, ಮಗಳು ಒಂದು ಥರ. ಎರಡಕ್ಕೂ ತಾಳೆಯಾದದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಅರ್ಧ ಗಂಟೆ ಅಕ್ಕ ಒಂದು ಬೆಂಚಿನ ಮೇಲೆ ನಡುಗುತ್ತಾ ಕೂತರು. ಮತ್ತೆ ಮತ್ತೆ ಬಾಟಲಿ ತೆಗೆದು ಓರೆ ಮಾಡುವುದು, ಒಳಗಿಡುವುದು. ಎಣ್ಣೆ ಅಲುಗುತ್ತಲೇ ಇತ್ತು. ಹಿಮ ತೂರುವುದನ್ನು ಬಿಟ್ಟು ತನ್ವಿ ಹತ್ತಿರ ಬಂದಳು.

"ಅಜ್ಜಿ, ಯೂ ಆರ್ ಕೀಪಿಂಗ್ ಇಟ್ ವಾರ್ಮ್ ಲಾ! ಕೋಟ್ ಒಳಗೆ ಇಟ್ರೆ ಹೌ ವಿಲ್ ಇಟ್ ಫ್ರೀಜ್?"

ಹದಿನೆಂಟು ವರ್ಷ ಕಾದು, ಮೈನಸ್ ಐದು ಡಿಗ್ರಿಯಲ್ಲಿ ಕೂತು, ಎಣ್ಣೆಯನ್ನು ಎದೆಗೆ ಅವುಚಿಕೊಂಡು ಬಿಸಿ ಮಾಡಿದ್ದರು ಗುಲಾಬಿಯಕ್ಕ. ಬಾಟಲಿಯನ್ನು ಹಿಮದಲ್ಲಿ ಹೂತಿಡಲು ಹೊರಟರೆ ಕಾವಲುಗಾರ ಬಂದ. ಒಳಗೆ ತಿನ್ನುವುದು, ಕುಡಿಯುವುದು ತರುವ ಹಾಗಿಲ್ಲ. ಬಾಟಲಿ ಕೊಡಿ ಎಂದು ಕೈ ಚಾಚಿದ.

"ಇದು ತಿನ್ನುವುದಲ್ಲ ಮಾರಾಯ, ತಲೆಗೆ ಹಚ್ಚುವುದು," ಎಂದರು ಅಕ್ಕ, ಕನ್ನಡದಲ್ಲೇ. ಅವನಿಗೆ ಅರ್ಥವಾಗಲಿಲ್ಲ. ಟೋಪಿ ತೆಗೆದು, ಅಂಗೈಗೆ ಎಣ್ಣೆ ಸುರಿದುಕೊಂಡು, ನೆತ್ತಿಯಿಂದ ಜಡೆಯ ತುದಿಯವರೆಗೆ ಹಚ್ಚಿ ತೋರಿಸಿದರು. ಅವನು ನಕ್ಕ. ಆದರೂ ಬಾಟಲಿ ತೆಗೆದುಕೊಂಡು, ಹೋಗುವಾಗ ಬಾಗಿಲಲ್ಲಿ ಕೊಡುತ್ತೇನೆ ಎಂದು ಸನ್ನೆ ಮಾಡಿ ಹೋದ.

ಅಕ್ಕ ಬೆಂಚಿನ ಮೇಲೆ ಕೂತುಬಿಟ್ಟರು. ಟೋಪಿ ಹಾಕಿಕೊಳ್ಳುವ ಮನಸ್ಸೂ ಇರಲಿಲ್ಲ. "ಹೋಗುವ ಮಗಾ, ಆಯ್ತು," ಅಂದರು. ಉಮಾನಾಥ ಬೂಟು ವಾಪಸು ಕೊಡುವ ಸಾಲು ಎಲ್ಲಿದೆ ಎಂದು ನೋಡತೊಡಗಿದ. ಆಗ ತನ್ವಿ ಅಜ್ಜಿಯ ಜಡೆ ಹಿಡಿದು ಎತ್ತಿದಳು. ಜಡೆ ಬಗ್ಗಲಿಲ್ಲ. ಬಿಳಿ ಪದರ ಕಟ್ಟಿಕೊಂಡು ಕೋಲಿನ ಹಾಗೆ ನಿಂತಿತ್ತು.

"ಅಜ್ಜಿ! ಎಣ್ಣೆ ಗಟ್ಟಿ ಆಯ್ತು!"

ಇಷ್ಟು ಉದ್ದದ ಕನ್ನಡ ವಾಕ್ಯ ಅವಳ ಬಾಯಿಂದ ಬಂದದ್ದು ಅದೇ ಮೊದಲು ಎಂದು ಉಮಾನಾಥನ ಹೇಳಿಕೆ. ಮಗಳು ಒಪ್ಪುವುದಿಲ್ಲ.

ಸಂಜೆ ಅಕ್ಕ ನೇರವಾಗಿ ಅಂಗಡಿಗೆ ಬಂದು ಅರ್ಧ ಕಿಲೋ ಕರಿ ಎಳ್ಳು ಕೇಳಿದರು. ಕತೆ ಕೇಳಿ, ಅದೂ ಒಂದು ದೊಡ್ಡ ಫ್ರಿಜ್ಜೇ ಅಲ್ವಾ ಎಂದು ನಾನು ಬಾಯಿಬಿಟ್ಟೆ.

"ಫ್ರಿಜ್ಜಿನ ಒಳಗೆ ಬಾಟಲಿ ಒಂದೇ ಹೋಗುವುದು. ಅದರೊಳಗೆ ನಾನೂ ಹೋಗಿದ್ದೆ. ನನ್ನ ಹಲ್ಲು ಕಟಕಟ ಅಂದದ್ದು ಸುಳ್ಳಾ? ನೀನು ಎಳ್ಳು ಹಾಕು."

ಹಾಕಿದೆ. ಒಂದೂವರೆ ಗಂಟೆಯಾದ ಮೇಲೆ, ಶಟರ್ ಎಳೆಯುವ ಹೊತ್ತಿಗೆ, ಮತ್ತೆ ಬಂದರು. ಕೂದಲಿಂದ ಎಣ್ಣೆ ಇಳಿಯುತ್ತಿತ್ತು, ಮುಖವೂ ಇಳಿದಿತ್ತು. "ಇನ್ನರ್ಧ ಕಿಲೋ," ಅಂದರು. ಪಾಕ ಮೀರಿದೆ, ಬಾಣಲೆಯಲ್ಲೇ ಎಳ್ಳು ಹಲಗೆಯಾಗಿದೆ ಎಂದು ಊಹಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಆದರೆ ಕೆಲವು ಗಿರಾಕಿಗಳಿಗೆ ಸಾಮಾನು ಕೊಡುವಾಗ ಪ್ರಶ್ನೆ ಕೇಳಬಾರದು. ತೂಗಿ ಕೊಟ್ಟೆ. ಬೆಲ್ಲವನ್ನು ಮೂಸದೆ ತೆಗೆದುಕೊಂಡು ಹೋದರು.

ಮರುದಿನ ತನ್ವಿ ಡಬ್ಬಿ ಹಿಡಿದು ಬಂದಳು. ಒಳಗೆ ನಾಲ್ಕು ಉಂಡೆ. ಎರಡು ದುಂಡಗೆ, ಇನ್ನೆರಡರ ಆಕಾರ ಬಣ್ಣಿಸುವುದು ಕಷ್ಟ. ಸೊಟ್ಟದ್ದನ್ನೇ ಕಚ್ಚಿದೆ. ಸ್ವಲ್ಪ ಗಟ್ಟಿ, ಆದರೆ ಒಡೆಯಿತು.

"ಪಾಕ ಯಾರು ನೋಡಿದ್ದು?"

"ಫಸ್ಟ್ ಟೈಮ್ ಅಜ್ಜಿ. ಸೆಕೆಂಡ್ ಟೈಮ್ ಮೀ," ಎಂದು ಅಂಗೈ ತೋರಿಸಿದಳು. ಕೆಂಪಗಿತ್ತು. "ನೀರಲ್ಲಿ ಡ್ರಾಪ್ ಹಾಕಿ ನೋಡ್ಬೇಕು ಅಂಕಲ್. ಅಜ್ಜಿ ಫರ್ಗಾಟ್, ದೆನ್ ಶಿ ರಿಮೆಂಬರ್ಡ್."

ಹೋಗುವಾಗ ತೆಂಗಿನೆಣ್ಣೆಯ ಸಾಲಿನ ಮುಂದೆ ನಿಂತಳು. ನಾನು ಅವರ ಮನೆಗೆ ಯಾವಾಗಲೂ ಹೋಗುವ ಒಂದು ಲೀಟರಿನ ಬಾಟಲಿ ತೆಗೆದೆ.

"ನಾಟ್ ದಿಸ್, ಅಂಕಲ್. ಚಿಕ್ಕದು. ಸ್ಮಾಲೆಸ್ಟ್ ಒನ್. ನೆಕ್ಸ್ಟ್ ಇಯರ್ ಕೈಯಲ್ಲೇ ಹಿಡ್ಕೊಳ್ತೀನಿ, ಕೋಟ್ ಹೊರಗೆ."