ಏನಿಲ್ಲ ಕಣವ್ವಾ

ಕಳೆದ ಶನಿವಾರ ನಾನೊಂದು ಹಸುವನ್ನು ಹೆದರಿಸಿಬಿಟ್ಟೆ. ಬೈಯಲಿಲ್ಲ, ಹೊಡೆಯಲಿಲ್ಲ. ಸಮಾಧಾನ ಮಾಡಿದೆ, ಅಷ್ಟೇ!

ಚನ್ನರಾಯಪಟ್ಟಣದಿಂದ ಹಾಸನಕ್ಕೆ ವಾಪಸು ಬರುವಾಗ ಶಾಂತಿಗ್ರಾಮದಲ್ಲಿ ಬಸ್ಸಿಳಿದೆ. ನೆಪ, ಅವರೆಕಾಯಿ. (ಸೊಗಡಿನ ಅವರೆಗೆ ಬಸ್ಸಿಳಿಯದವರು ನಮ್ಮ ಕಡೆಯವರೇ ಅಲ್ಲ.) ಅಲ್ಲಿ ಪುಟ್ಟಲಕ್ಷ್ಮಮ್ಮ ಇದ್ದಾರೆ. ನನ್ನಪ್ಪ ಅಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್ ಆಗಿದ್ದ ಕಾಲದ ಪರಿಚಯ. ಅಪ್ಪ ಹೋಗಿ ಈಗ ಆರು ವರ್ಷ.

ನಾನು ಹೋದಾಗ ಕೊಟ್ಟಿಗೆಯಲ್ಲಿ ಹೊಸ ಡಾಕ್ಟರಮ್ಮ ನಿಂತಿದ್ದರು. ಕಾಲುಬಾಯಿ ಜ್ವರದ ಲಸಿಕೆ ಹಾಕಬೇಕಿತ್ತು. ಸೂಜಿ ಇನ್ನೂ ಬ್ಯಾಗಿನಿಂದ ಆಚೆ ಬಂದಿರಲಿಲ್ಲ. ಮುದಿ ಹಸು ಗೌರಿ ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು. ನಾನು ಸುಮ್ಮನಿರಬಹುದಿತ್ತಲ್ಲವೇ? ಇಲ್ಲ, ದೊಡ್ಡಸ್ತಿಕೆ! ಹೋಗಿ ಅದರ ಕೊರಳಡಿ ಜೋಲುವ ಗಂಗೆದೊಗಲು ಸವರಿ, "ಏನಿಲ್ಲ... ಏನಿಲ್ಲ ಕಣವ್ವಾ" ಅಂದೆ.

ಗೌರಿ ಬೆಚ್ಚಿ ಹಿಂದಕ್ಕೆ ಜಿಗಿಯಿತು. ಮೈಯೆಲ್ಲ ಗಡಗಡ. ಗೂಟ ಕಿತ್ತು ಬರುವ ಹಾಗೆ ಹಗ್ಗ ಜಗ್ಗಿತು. ಬಕೆಟ್ಟು ಉರುಳಿ ನನ್ನ ಸೀರೆಯೆಲ್ಲ ಕಲಗಚ್ಚು.

ಪುಟ್ಟಲಕ್ಷ್ಮಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ನಿಮ್ಮಪ್ಪಾರು ಅಂಗೇ ಅಂತಿದ್ರು ಕಣವ್ವಾ! ಏನಿಲ್ಲ ಏನಿಲ್ಲ ಅಂತ್ಲೇ ಸೂಜಿ ಚುಚ್ಚೋರು. ಆ ಮಾತ ನಾನೂ ದಿನಾ ಅಂತೀನಿ, ಇದು ಅಲ್ಲಾಡಕಿಲ್ಲ. ನಿನ್ ದನೀನೇ ಅವರ್ದು. ನಾನೂ ಒಂದ್ ಗಳಿಗೆ ತಿರುಗಿ ನೋಡ್ಬುಟ್ಟೆ."

ಚಿಕ್ಕವಳಿದ್ದಾಗ ನನ್ನ ಕಾಲಿನ ಜಾಲಿಮುಳ್ಳು ತೆಗೆಯುವಾಗಲೂ ಅಪ್ಪನದು ಅದೇ ಮಾತು. ಕೇಳಿದರೆ ಸಾಕು, ಅಳು ನಿಲ್ಲುತ್ತಿತ್ತು. ನನಗೆ ಆ ಮಾತಿಗೆ ಮುಳ್ಳು ಹೊರಗೆ ಬಂತು. ಪಾಪ, ಗೌರಿಗೆ ಸೂಜಿ ಒಳಗೆ ಹೋಯಿತು.

ಡಾಕ್ಟರಮ್ಮ ವಿವರಿಸಿದರು. "ಮೆದುಳಲ್ಲಿ ರಿಸೆಪ್ಟರ್ ಅಂತ ಇರ್ತವೆ ಮೇಡಂ, ಬೀಗ ಇದ್ದ ಹಾಗೆ. ಸರಿಯಾದ ಕೀ ಬಿದ್ರೆ ಹಳೇ ಭಯ ಎದ್ದು ಬರತ್ತೆ. ಲ್ಯಾಬಲ್ಲಿ ಇಲಿಗಳಿಗೆ ಔಷಧಿ ಕೊಟ್ಟು ಅಂಥ ಕೆಲವು ಬೀಗಗಳನ್ನ ತಡೆದು ನೋಡಿದಾರೆ. ಆಗ ಭಯ ಅಷ್ಟಾಗಿ ನೆನಪಿಗೆ ಬರಲ್ಲ. ನೆನಪು ಒಳಗೇ ಇರಬಹುದು, ಹೊರಗೆ ಬರೋಕೆ ಆಗಲ್ಲ ಅಷ್ಟೇ."

"ಅಂಗಾರೆ ಆ ಔಸ್ದಿ ನಮ್ ಗೌರಿಗೂ ಕೊಟ್ಬುಡಿ ಸಾ" ಅಂದರು ಪುಟ್ಟಲಕ್ಷ್ಮಮ್ಮ. (ಡಾಕ್ಟರ್ ಹೆಂಗಸಾದರೂ ಅವರಿಗೆ ಸಾ!)

"ಬೇಡ!" ಅಂದೆ. ಎಷ್ಟು ಜೋರಾಗಿ ಅಂದರೆ ಗೌರಿ ಮತ್ತೆ ಬೆಚ್ಚಿತು.

ಹೇಗೆ ಹೇಳಲಿ? ಅಪ್ಪನ ಫೋಟೋ ಬೇಕಾದಷ್ಟಿವೆ, ದನಿ ಒಂದೂ ಇಲ್ಲ. ನನ್ನ ಮದುವೆಯ ವಿಡಿಯೋದಲ್ಲಿ ಅಪ್ಪ ಉದ್ದಕ್ಕೂ ಓಡಾಡುತ್ತಾರೆ, ತುಟಿ ಆಡಿಸುತ್ತಾರೆ, ಕೇಳುವುದು ಬರೀ ವಾಲಗ. ಎರಡು ವರ್ಷದಿಂದ ಆ ದನಿ ನನ್ನ ಮನಸ್ಸಿಗೂ ಬರುತ್ತಿಲ್ಲ. ಕಣ್ಣು ಮುಚ್ಚಿ ಕೂತರೆ ಮಾತು ಬರುತ್ತದೆ, ದನಿ ಬರುವುದಿಲ್ಲ. ಅದಕ್ಕಾಗಿ ಎಷ್ಟು ಹಂಬಲಿಸಿದ್ದೇನೆ! ಅದನ್ನು ಮರೆಯದ ಜೀವವೊಂದು ಇಲ್ಲಿ ನಡುಗುತ್ತ ನಿಂತಿದೆ. ಅದರ ನಡುಕಕ್ಕೆ ನನಗೆ ಹೊಟ್ಟೆಕಿಚ್ಚಾದರೆ ನನ್ನನ್ನು ಏನನ್ನಬೇಕು?

"ಉಲ್ಟಾ ಔಷಧಿ ಇಲ್ವಾ? ಮರೆತ ದನಿ ನೆನಪಿಗೆ ಬರೋ ಥರದ್ದು?" ಕೇಳಿದೆ. ಡಾಕ್ಟರಮ್ಮ ನಗಲಿಲ್ಲ. "ನಂಗೆ ಗೊತ್ತಿಲ್ಲ ಮೇಡಂ. ನೀವು ಸ್ವಲ್ಪ ದೂರ ನಿಂತ್ಕೊಳ್ಳಿ. ದಯವಿಟ್ಟು ಮಾತಾಡ್ಬೇಡಿ" ಅಂದರು. ಬೀದಿಬಾಗಿಲಿಗೆ ಹೋಗಿ ನಿಂತೆ. ಐದು ನಿಮಿಷದಲ್ಲಿ ಲಸಿಕೆ ಮುಗಿಯಿತು.

ಹಾಸನದ ಬಸ್ಸಿನಲ್ಲಿ ಅವರೆಕಾಯಿ ಚೀಲ ತೊಡೆ ಮೇಲಿಟ್ಟುಕೊಂಡು ಮೆಲ್ಲಗೆ ಅಂದುಕೊಂಡೆ: ಏನಿಲ್ಲ... ಏನಿಲ್ಲ ಕಣವ್ವಾ. ಕೇಳಿಸಿದ್ದು ನನ್ನದೇ ದನಿ. ಇನ್ನೊಮ್ಮೆ ಅಂದೆ. ಊಹೂಂ.

"ಏನ್ ಮೇಡಂ?" ಕಂಡಕ್ಟರ್ ಕೇಳಿದ.

"ಏನಿಲ್ಲ" ಅಂದೆ.

ಅಪ್ಪ ನನ್ನ ಗಂಟಲಲ್ಲೇ ಇದ್ದಾರಂತೆ. ಕೇಳಿಸಿಕೊಳ್ಳಲು ಗೌರಿಯ ಕಿವಿ ಎಲ್ಲಿಂದ ತರಲಿ?