ಹವಾಲ್ದಾರ್ ನಾಯ್ಕರ ದೇವರಿಲ್ಲದ ಕಾರು

ಗಣಪತಿ ನಾಯ್ಕರ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ದೇವರಿರಲಿಲ್ಲ, ಬ್ರೇಕು ಮಾತ್ರ ಎರಡಿದ್ದವು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತ ನಾಯ್ಕರ ಕಾಲಿಗೆ. ಶಿರಸಿಯ ಉಳಿದ ಗಾಡಿಗಳ ಡ್ಯಾಷ್‌ಬೋರ್ಡಿನ ಮೇಲೆ ಪುಟ್ಟ ವಿಗ್ರಹ, ಹೂವು, ಊದಿನಕಡ್ಡಿಯ ಬೂದಿ. ಇವರದರ ಮೇಲೆ ಒಂದು ಹಳದಿ ಬಟ್ಟೆ, ಅದೂ ಗಾಜು ಒರೆಸಲಿಕ್ಕೆ.

“ಹೆಸರು ಗಣಪತಿ, ದೇವರು ಬೇಡ್ವಾ?” ಎಂದು ಮೊದಲ ದಿನವೇ ಕೇಳಿದ್ದೆ.

“ಹೆಸರು ಅವ್ವ ಇಟ್ಟಿದ್ದು ಅಕ್ಕೋರೇ. ನನ್ನ ಕೇಳಿ ಇಟ್ಟಿದ್ದಲ್ಲ. ಕ್ಲಚ್ ಒತ್ತಿ.”

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು. ಎಕ್ಕಂಬಿ ಕಡೆಯ ಶಾಲೆಯೊಂದಕ್ಕೆ ವರ್ಗವಾಗಿ, ಬಸ್ಸಿನ ಹೊತ್ತು ಹೊಂದದೆ, ನಲವತ್ತು ದಾಟಿದ ಮೇಲೆ ಕಾರು ಕಲಿಯಲು ಹೊರಟವಳು ನಾನು. ನಾಯ್ಕರು ಸೈನ್ಯದಲ್ಲಿ ಲಾರಿ ಓಡಿಸಿ, ಹವಾಲ್ದಾರರಾಗಿ ನಿವೃತ್ತರಾದವರು. ಸಪೂರ ಮೈ, ಕೂತಲ್ಲೂ ನೆಟ್ಟಗಿನ ಬೆನ್ನು. ನಾನು ಗೇರು ತಪ್ಪಿಸಿದರೆ ಬೈಯುತ್ತಿರಲಿಲ್ಲ, “ಗಾಡಿ ಅಳ್ತಾ ಇದೆ, ಕೇಳ್ತಾ?” ಎನ್ನುತ್ತಿದ್ದರು. ರಸ್ತೆಗೆ ದನ ಅಡ್ಡ ಬಂದರೆ “ಹಾಲ್ಟ್!” ಎಂದು ಗುಡುಗುತ್ತಿದ್ದರು. ನಾನು ನಿಲ್ಲಿಸದಿದ್ದರೂ ದನ ನಿಲ್ಲುತ್ತಿತ್ತು.

ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಮಾತ್ರ ಈ ವಿದ್ಯೆ ಸರಿಬರಲಿಲ್ಲ. “ಕೂಸೇ, ದೇವ್ರಿಲ್ಲದ್ದ ಕಾರು ಹತ್ತಡ” ಎಂದಳು. ನಾನು ಕೇಳಲಿಲ್ಲ. ಮರುದಿನ ಕಾರು ಬಂದು ನಿಂತದ್ದೇ ತಡ, ದಾರಕ್ಕೆ ಪೋಣಿಸಿದ ನಿಂಬೆಹಣ್ಣು ಹಿಡಿದು ಹೋಗಿ ಬಂಪರಿಗೆ ಕಟ್ಟಿಯೇ ಬಿಟ್ಟಳು. ನನಗೆ ನಾಚಿಕೆ. ನಾಯ್ಕರು ಇಳಿದು ಬಂದು ಬಗ್ಗಿ ನೋಡಿದರು.

“ಗಂಟು ಸಡಿಲ ಆಯ್ತು ಆಯಿ. ಮೊದಲನೇ ಗುಂಡಿಗೇ ಬಿದ್ದುಹೋಗ್ತದೆ” ಎಂದು ಬಿಚ್ಚಿ, ತಾವೇ ಬಿಗಿಯಾಗಿ ಕಟ್ಟಿದರು.

“ನಿನಗೆ ನಂಬಿಕೆ ಇಲ್ಲ ಅಲ್ವನೋ?” ಆಯಿಗೆ ಆಶ್ಚರ್ಯ.

“ಇಲ್ಲ. ಆದ್ರೆ ನಿಮ್ಮ ಮಗಳು ಓಡಿಸೋದು ನೋಡಿದ್ರೆ ಬರೋ ಹಾಗೆ ಇದೆ.”

ಆಯಿ ನಕ್ಕುಬಿಟ್ಟಳು. ಅಂದಿನಿಂದ ನಾಯ್ಕರಿಗೆ ನಮ್ಮ ಜಗುಲಿಯಲ್ಲಿ ದೋಸೆ, ಜೋನಿಬೆಲ್ಲ.

ಲೈಸೆನ್ಸ್ ಸಿಕ್ಕಿದ ವರ್ಷ ಸ್ವಾತಂತ್ರ್ಯ ದಿನಕ್ಕೆ ಅವರನ್ನು ಶಾಲೆಗೆ ಕರೆಯೋಣ ಎಂದೆ. ಶಾಲಾ ಸಮಿತಿಯ ಅಧ್ಯಕ್ಷರು ಮುಖ ಹುಳಿ ಮಾಡಿದರು. “ಸೈನಿಕರು ಹೌದ್ರಿ ಅಕ್ಕೋರೇ. ಆದ್ರ ದೇವರನ್ನೇ ನಂಬದವ್ರು ಮಕ್ಕಳಿಗೆ ಏನ್ ಹೇಳ್ತಾರ? ಬ್ಯಾರೆಯವರನ್ನ ಕರೀರಿ.”

“ಹಾಗಾದರೆ ಭಾಷಣ ನೀವೇ ಮಾಡಿ” ಎಂದೆ. ಮೈಕು ಕಂಡರೆ ಬೆವರುವ ಮನುಷ್ಯ, ನಾಯ್ಕರನ್ನೇ ಕರೆಯಲು ಒಪ್ಪಿದರು.

ಧ್ವಜ ಹಾರಿಸಿ, ನಾಯ್ಕರು ಸೈನ್ಯದ ದಿನಗಳ ಬಗ್ಗೆ ಮಾತಾಡಿ ಆದ ಮೇಲೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಗುಂಡು ಹಾರುವಾಗ ದೇವರ ಹೆಸರು ಹೇಳ್ಲಿಲ್ವಾ ಸರ್?”

ಅಧ್ಯಕ್ಷರು ಕುರ್ಚಿಯಲ್ಲಿ ಮುಂದೆ ಸರಿದರು.

“ಹೆಸರು ಹೇಳ್ದೆ ಮಗಾ. ‘ಬಲವಂತ್, ತಲೆ ತಗ್ಗ್ಸೋ!’ ಅಂತ ಕೂಗ್ದೆ.”

ಮಕ್ಕಳೆಲ್ಲ ಹೋ ಎಂದು ನಕ್ಕರು. ನಾಯ್ಕರೂ ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು: ಬಲವಂತ್ ಗಢವಾಲದವನು, ಲಾರಿಯಲ್ಲಿ ಅವರ ಜೊತೆಗಾರ. ತಲೆ ತಗ್ಗಿಸಿದ್ದಕ್ಕೆ ಜೀವ ಉಳಿಯಿತು, ಭುಜಕ್ಕೆ ಗುಂಡು ಬಿತ್ತು. ತನ್ನ ಮಂಚದ ತಲೆದೆಸೆಯಲ್ಲಿ ದೇವರ ಫೋಟೋ ಇಟ್ಟು ದಿನಾ ದೀಪ ಹಚ್ಚುತ್ತಿದ್ದವನು, ಸ್ಟ್ರೆಚರಿನ ಮೇಲೆ ಮಲಗಿ ಹೇಳಿದ್ದು ಒಂದೇ ಮಾತು: ದೀಪ ನೋಡ್ಕೋ. ಅವನು ಆಸ್ಪತ್ರೆಯಿಂದ ಬರುವವರೆಗೆ ನಾಯ್ಕರು ಒಂದು ದಿನವೂ ತಪ್ಪಿಸಲಿಲ್ಲ.

“ಆವಾಗ ನಂಬಿಕೆ ಬಂತೇನ್ರಿ?” ಅಧ್ಯಕ್ಷರೇ ಕೇಳಿದರು.

“ಇಲ್ಲ ಸಾಹೇಬ್ರೆ. ಬಲವಂತ್ ಬಂದು ಕೇಳ್ತಾನಲ್ಲ, ಏನಂತ ಹೇಳೋದು? ಸೈನ್ಯ ಸೇರುವಾಗ ದೇವರ ಹೆಸರಲ್ಲಿ ಪ್ರಮಾಣ ಮಾಡೋದಿಲ್ಲ ಅಂದೆ. ಸತ್ಯನಿಷ್ಠೆಯಿಂದ ಅಂತ ಹೇಳಿಸಿದ್ರು. ಅದಕ್ಕೆ ನನ್ನ ರೊಟ್ಟಿಯೇನು ಸಣ್ಣ ಆಗ್ಲಿಲ್ಲ, ಲಾರಿ ಹತ್ತಿಸೋ ಬೆಟ್ಟವೂ ತಗ್ಗು ಆಗ್ಲಿಲ್ಲ.”

ಅಧ್ಯಕ್ಷರು ಎದ್ದು ಹೋಗಿ ಅವರ ಕೈ ಹಿಡಿದರು. “ಬರೋ ವರ್ಷನೂ ನೀವೇ ಬರ್ರಿ.” ಭಾಷಣ ತಪ್ಪಿದ ಸಂತೋಷವೂ ಅದರಲ್ಲಿ ಸ್ವಲ್ಪ ಇತ್ತೆಂದು ನನ್ನ ಗುಮಾನಿ.

ಕಳೆದ ವರ್ಷ ನಾಯ್ಕರಿಗೆ ಎದೆನೋವು ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಎಂದು ನಿಗದಿಯಾಯಿತು. ಹೊರಡುವ ಮೊದಲು ನೋಡಲು ಹೋದೆವು. ಸೆರಗಿನಲ್ಲಿ ಪ್ರಸಾದ ಕಟ್ಟಿಕೊಂಡು ಬಂದಿದ್ದ ಆಯಿ ಅದನ್ನು ಹೊರಗೆ ತೆಗೆಯಲಿಲ್ಲ. ಹಾಸಿಗೆಯ ಪಕ್ಕ ಕೂತು, ಸೆರಗಿನ ಗಂಟು ಹಿಡಿದುಕೊಂಡೇ ಕೇಳಿದಳು: “ಗಣಪತಿ, ನಿನಗೋಸ್ಕರ ದೇವರ ಹತ್ರ ಒಂದು ಮಾತು ಹೇಳ್ಲನೋ? ಬೇಡ ಅಂದ್ರೆ ಬಿಡ್ತೇನೆ.”

ಯಾರ ಒಳಿತಿಗೂ ಅಪ್ಪಣೆ ಕೇಳದೆ ಹರಕೆ ಹೊರುವ ಹೆಂಗಸು ಆಯಿ. ನಾಯ್ಕರ ಕಣ್ಣು ತೇವವಾಯಿತು.

“ಹೇಳಿ ಆಯಿ. ಆದ್ರೆ ಗುಣ ಆದ್ರೆ ಹೆಸರು ಡಾಕ್ಟರಿಗೆ.”

“ಅಡ್ಡಿಲ್ಲ” ಎಂದಳು ಆಯಿ.

ಆಪರೇಷನ್ ಮುಗಿದರೂ ನಾಯ್ಕರು ಕಣ್ಣು ಬಿಡಲಿಲ್ಲ. ಅವರು ಬಯಸಿದ್ದಂತೆ ಸ್ಮಶಾನದಲ್ಲಿ ಮಂತ್ರ ಇರಲಿಲ್ಲ. ತಾಲೂಕಿನ ನಿವೃತ್ತ ಸೈನಿಕರೆಲ್ಲ ಬಂದಿದ್ದರು: ಹಣೆಗೆ ಕುಂಕುಮ ಇಟ್ಟವರು, ಬಿಳಿ ಟೋಪಿಯವರು, ಕೊರಳಲ್ಲಿ ಶಿಲುಬೆ ಇದ್ದವರು. ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಯಾರ ತುಟಿಯೂ ಪ್ರಾರ್ಥನೆಗೆ ಅಲುಗಲಿಲ್ಲ.

ಮನೆಗೆ ಬಂದು, ಆ ಡಾಕ್ಟರು ಸರಿಯಾಗಿ ನೋಡಲಿಲ್ಲವೇನೋ ಎಂದು ನಾನು ಗೊಣಗಿದೆ. ಆಯಿ ದೇವರ ಕೋಣೆಯ ಕಡೆ ತಿರುಗಿ ಕೂತಿದ್ದಳು. ಒಳಗಿನ ದೇವರತ್ತ ಕೈ ತೋರಿಸಿದಳು.

“ಡಾಕ್ಟ್ರನ್ನ ಬೈಯಡ ಕೂಸೇ. ಆನು ಹೇಳಿದ್ದು ಇವನ ಹತ್ರ. ಇವನನ್ನೇ ಕೇಳ್ತೆ.”